ಸಣ್ಣ ವೆಬ್ ಸರ್ವರ್ ಕೈಕೊಟ್ಟಾಗ: ರಿಕ್ವೆಸ್ಟ್ ಎಲ್ಲಿ ಸಿಕ್ಕಿಬಿದ್ದಿದೆ ಎಂದು ಹುಡುಕುವ ಕ್ರಮ

"ಸೈಟ್ ಓಪನ್ ಆಗ್ತಾ ಇಲ್ಲ" ಎಂಬ ಮೆಸೇಜ್ ಸಂಘದ ವಾಟ್ಸಾಪ್ ಗುಂಪಿಗೆ ಬಿದ್ದ ಕೂಡಲೇ ಸರ್ವರನ್ನು ರೀಸ್ಟಾರ್ಟ್ ಮಾಡುವವರೇ ಹೆಚ್ಚು. ಅದರಿಂದ ಸರಿಯಾಗುವುದೂ ಉಂಟು. ಆದರೆ ಯಾಕೆ ಕೆಟ್ಟಿತು ಎಂದು ತೋರಿಸಬಹುದಾಗಿದ್ದ ಅರ್ಧದಷ್ಟು ಸಾಕ್ಷಿ ರೀಸ್ಟಾರ್ಟಿನ ಜತೆಗೇ ಅಳಿದುಹೋಗುತ್ತದೆ, ವಾರ ಕಳೆದು ಅದೇ ಮೆಸೇಜ್ ಮತ್ತೆ ಬರುತ್ತದೆ. ಬ್ರೌಸರಿನಿಂದ ಹೊರಟ ರಿಕ್ವೆಸ್ಟ್ (ಪುಟ ಕೊಡಿ ಎಂಬ ಕೋರಿಕೆ) ಐದಾರು ಕಡೆ ಕೈ ಬದಲಾಯಿಸಿ ಉತ್ತರವಾಗಿ ಮರಳುತ್ತದೆ. ಎಲ್ಲಿಯವರೆಗೆ ಬಂದಿದೆ, ಎಲ್ಲಿಂದ ಮುಂದೆ ಹೋಗಿಲ್ಲ ಎಂಬುದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು.

ಕಾಸರಗೋಡು, ಮಂಜೇಶ್ವರ ಕಡೆ ಗ್ರಂಥಾಲಯ, ಕೃಷಿಕರ ಸಂಘ, ಶಾಲೆಯ ಹಳೆ ವಿದ್ಯಾರ್ಥಿಗಳ ಬಳಗ ಇಂಥವುಗಳ ಸೈಟ್ ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದೆ. 1 ಜಿಬಿ ರ‍್ಯಾಮಿನ ಬಾಡಿಗೆ ಸರ್ವರ್, ಇಲ್ಲವೇ ಆಫೀಸಿನ ಮೂಲೆಯಲ್ಲಿ ಓಡುವ ಹಳೆಯ ಡೆಸ್ಕ್‌ಟಾಪ್; ಉಬುಂಟು ಅಥವಾ ಡೆಬಿಯನ್, ಮೇಲೆ ಎಂಜಿನ್‌ಎಕ್ಸ್, ಪಿಎಚ್‌ಪಿ-ಎಫ್‌ಪಿಎಂ, ಮಾರಿಯಾಡಿಬಿ ಎಂದು ಇಟ್ಟುಕೊಳ್ಳೋಣ. ಎಂಜಿನ್‌ಎಕ್ಸ್ ರಿಕ್ವೆಸ್ಟ್ ತೆಗೆದುಕೊಳ್ಳುವ ವೆಬ್ ಸರ್ವರ್, ಪಿಎಚ್‌ಪಿ-ಎಫ್‌ಪಿಎಂ ಸೈಟಿನ ಸ್ಕ್ರಿಪ್ಟ್ ಓಡಿಸುವುದು, ಮಾರಿಯಾಡಿಬಿ ಡೇಟಾಬೇಸ್. ಕಮಾಂಡುಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕೊಟ್ಟಿದೆ; ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹಾಕಬೇಕು. ಹೆಸರಿನ ನಡುವಿನ ಗೆರೆ ಉಚ್ಚಾರಕ್ಕಾಗಿ ಮಾತ್ರ; ಆಯ್ಕೆಯ ಅಕ್ಷರಗಳಿಗೆ ಮೊದಲು ಒಂದು ಗೆರೆ (-) ಹಾಕಬೇಕು.

ದೂರು ಹೇಳಿದವರಿಂದ ಮೂರು ವಿಷಯ

ಎಷ್ಟು ಗಂಟೆಗೆ, ವೈಫೈಯಲ್ಲೋ ಮೊಬೈಲ್ ಡೇಟಾದಲ್ಲೋ, ಪರದೆಯ ಮೇಲೆ ಯಾವ ಸಂಖ್ಯೆ ಕಾಣಿಸಿತು ಎಂದು ಕೇಳಿ. ಸ್ಕ್ರೀನ್‌ಶಾಟ್ ತರಿಸಿಕೊಂಡರೆ ಮೂರೂ ಒಟ್ಟಿಗೆ ಸಿಗುತ್ತವೆ, ಯಾಕೆಂದರೆ ಮೇಲ್ಪಟ್ಟಿಯಲ್ಲಿ ಗಂಟೆಯೂ ಸಿಗ್ನಲ್ಲೂ ಇರುತ್ತದೆ.

ಗಂಟೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಬಾಡಿಗೆ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ (ವಿಶ್ವಮಾನ) ಸಮಯದಲ್ಲಿ ಇರುತ್ತವೆ, ಲಾಗಿನಲ್ಲಿ (ಸರ್ವರ್ ಬರೆದಿಡುವ ದಿನಚರಿ ಕಡತದಲ್ಲಿ) ಗಂಟೆಯ ಪಕ್ಕ +0000 ಎಂದಿರುತ್ತದೆ. ನಮ್ಮದು 5 ಗಂಟೆ 30 ನಿಮಿಷ ಮುಂದೆ. ಮುಳ್ಳೇರಿಯದಿಂದ ಒಬ್ಬರು "ಬೆಳಿಗ್ಗೆ 10:15ಕ್ಕೆ ಹೋಯಿತು" ಎಂದರೆ ಲಾಗಿನಲ್ಲಿ ಹುಡುಕಬೇಕಾದದ್ದು 04:45ರ ಸುತ್ತ. 10:15ರಲ್ಲಿ ಹುಡುಕಿ "ಲಾಗಿನಲ್ಲಿ ಏನೂ ಇಲ್ಲ" ಎಂದು ಕೈಬಿಟ್ಟವರು ಬೇಕಾದಷ್ಟು ಮಂದಿ. ಟೈಮ್‌ಡೇಟ್‌ಸಿಟಿಎಲ್ ಕಮಾಂಡ್ ಸರ್ವರ್ ಯಾವ ವಲಯದಲ್ಲಿದೆ, ಗಡಿಯಾರ ಸರಿಯಾಗಿ ಹೊಂದಿಕೊಂಡಿದೆಯೇ ಎಂದು ಹೇಳುತ್ತದೆ.

ಸರ್ವರಿನ ಬಾಗಿಲವರೆಗೆ

ಮೂರು ಕಡೆಯಿಂದ ತೆರೆದು ನೋಡಿ: ಆಫೀಸಿನ ಬ್ರಾಡ್‌ಬ್ಯಾಂಡ್, ವೈಫೈ ಆಫ್ ಮಾಡಿದ ಮೊಬೈಲ್, ಕೊನೆಗೆ ಸರ್ವರಿನ ಒಳಗಿನಿಂದಲೇ ಕರ್ಲ್ ಕಮಾಂಡಿನಲ್ಲಿ ಯಂತ್ರ ತನ್ನನ್ನೇ ಕರೆದುಕೊಳ್ಳುವ 127.0.0.1 ವಿಳಾಸಕ್ಕೆ. ಒಳಗಿನಿಂದ ಕೇಳುವಾಗ ಯಾವ ಸೈಟ್ ಬೇಕೆಂದು ಹೇಳುವ ಹೋಸ್ಟ್ ಹೆಡರಿನಲ್ಲಿ ನಿಮ್ಮ ಡೊಮೇನ್ ಹೆಸರನ್ನು ಕೊಡಲೇಬೇಕು. ಇಲ್ಲದಿದ್ದರೆ ಎಂಜಿನ್‌ಎಕ್ಸ್ ಡೀಫಾಲ್ಟ್ ಸೈಟನ್ನು ತೋರಿಸಿ ದಾರಿ ತಪ್ಪಿಸುತ್ತದೆ. ಒಳಗಿನಿಂದ ಸರಿಯಾಗಿದ್ದು ಹೊರಗಿನಿಂದ ಬಾರದಿದ್ದರೆ ನಿಮ್ಮ ಸ್ಕ್ರಿಪ್ಟಿನದ್ದು ತಪ್ಪಿಲ್ಲ, ಪಿಎಚ್‌ಪಿ ಕಡತಗಳನ್ನು ಮುಚ್ಚಿಡಿ.

ಹೊರಗಿನಿಂದ "ಕನೆಕ್ಷನ್ ರೆಫ್ಯೂಸ್ಡ್" ಎಂದು ತಕ್ಷಣ ಬಂದರೆ ಯಂತ್ರದವರೆಗೆ ದಾರಿ ಇದೆ, ಆ ಪೋರ್ಟಿನಲ್ಲಿ (ಸಂಖ್ಯೆಯಿರುವ ಬಾಗಿಲಿನಲ್ಲಿ) ಕೇಳುವವರು ಯಾರೂ ಇಲ್ಲ ಎಂದೇ ಹೆಚ್ಚಾಗಿ ಅರ್ಥ. ಎಸ್-ಎಸ್ ಕಮಾಂಡಿಗೆ ಎಲ್-ಟಿ-ಎನ್-ಪಿ ಆಯ್ಕೆ ಕೊಟ್ಟು ಪಟ್ಟಿ ನೋಡಿ: 80 ಮತ್ತು 443ರ ಎದುರು ಎಂಜಿನ್‌ಎಕ್ಸ್ ಇರಬೇಕು, ವಿಳಾಸ 0.0.0.0 ಎಂದಿರಬೇಕು. 127.0.0.1 ಎಂದಿದ್ದರೆ ಅದು ಹೊರಗಿನವರ ಮಾತಿಗೆ ಕಿವಿಗೊಡುವುದೇ ಇಲ್ಲ. ಉತ್ತರವೇ ಬಾರದೆ ಅರ್ಧ ನಿಮಿಷ ಕಾಯಿಸಿ "ಟೈಮ್ಡ್ ಔಟ್" ಎಂದರೆ ಫೈರ್‌ವಾಲ್ ತಡೆದಿದೆ ಅಥವಾ ಯಂತ್ರವೇ ಮಲಗಿದೆ. ಬಾಡಿಗೆ ಸರ್ವರಿನಲ್ಲಿ ಫೈರ್‌ವಾಲ್ ಎರಡು ಕಡೆ ಇರಬಹುದು: ಯಂತ್ರದೊಳಗೆ ಒಂದು, ಕಂಪೆನಿಯ ಕಂಟ್ರೋಲ್ ಪ್ಯಾನೆಲಿನಲ್ಲಿ ಇನ್ನೊಂದು. ಎರಡನೆಯದನ್ನು ಮರೆಯುವವರೇ ಜಾಸ್ತಿ.

ಆಫೀಸಿನಲ್ಲಿ ತೆರೆಯುತ್ತದೆ, ಮೊಬೈಲ್ ಡೇಟಾದಲ್ಲಿ ಮಾತ್ರ ಇಲ್ಲ ಎಂದರೆ ಡಿಎನ್‌ಎಸ್‌ನ ಐಪಿವಿ6 ದಾಖಲೆಯನ್ನು ನೋಡಿ. ಡಿಎನ್‌ಎಸ್ ಎಂದರೆ ಡೊಮೇನ್ ಹೆಸರಿಗೆ ಯಂತ್ರದ ವಿಳಾಸ ಹೇಳುವ ಪಟ್ಟಿ; ವಿಳಾಸದಲ್ಲಿ ಹಳೆಯ ಐಪಿವಿ4, ಹೊಸ ಐಪಿವಿ6 ಎಂದು ಎರಡು ಬಗೆ. ಮೊಬೈಲ್ ಜಾಲಗಳಲ್ಲಿ ಐಪಿವಿ6 ಬಳಕೆ ಜೋರಾಗಿದೆ. ಸರ್ವರ್ ಬದಲಾಯಿಸಿದಾಗ ಐಪಿವಿ4 ವಿಳಾಸ ತಿದ್ದಿ ಐಪಿವಿ6ನದ್ದನ್ನು ಹಾಗೇ ಬಿಟ್ಟಿದ್ದರೆ ಮೊಬೈಲುಗಳು ಹಳೆಯ ಯಂತ್ರದ ಕದ ತಟ್ಟುತ್ತಿರುತ್ತವೆ.

ಸರ್ವರ್ ಆಫೀಸಿನಲ್ಲೇ ಇದ್ದರೆ ರೌಟರಿನ ಸ್ಟೇಟಸ್ ಪುಟದಲ್ಲಿ ಹೊರಗಿನ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನಿಮಗೆ ಸ್ವಂತ ಸಾರ್ವಜನಿಕ ಐಪಿವಿ4 ವಿಳಾಸ ಸಿಕ್ಕಿಲ್ಲ, ಹಲವು ಗ್ರಾಹಕರೊಂದಿಗೆ ಹಂಚಿಕೊಂಡಿದ್ದೀರಿ. ಆಗ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆಯನ್ನು ಸರ್ವರಿಗೆ ದಾಟಿಸುವ ರೌಟರಿನ ಸೆಟ್ಟಿಂಗ್) ಎಷ್ಟು ಸಲ ಹಾಕಿದರೂ ಹೊರಗಿನಿಂದ ಯಾರೂ ಬರಲಾರರು. ಸ್ಥಿರ ಐಪಿ ಕೇಳಿ ಪಡೆಯಬೇಕು, ಇಲ್ಲವೇ ಬಾಡಿಗೆ ಸರ್ವರಿಗೆ ಹೋಗಬೇಕು.

ಬ್ರೌಸರಿನಲ್ಲಿ ಸರ್ಟಿಫಿಕೇಟ್ ಎಚ್ಚರಿಕೆ ಬಂದರೆ ಹೆಚ್ಚಾಗಿ, ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟಿನ 90 ದಿನದ ಅವಧಿ ಮುಗಿದಿರುತ್ತದೆ. ಅವಧಿ ಮುಗಿಯುವ ಮೊದಲು ಬರುತ್ತಿದ್ದ ಇಮೇಲನ್ನು ಅವರು 2025ರ ಜೂನ್‌ನಲ್ಲಿ ನಿಲ್ಲಿಸಿದ್ದಾರೆ, ಆದ್ದರಿಂದ ಅದನ್ನು ನಂಬಿ ಕೂರುವಂತಿಲ್ಲ. ಸರ್ಟ್‌ಬಾಟಿನ (ಸರ್ಟಿಫಿಕೇಟನ್ನು ತಾನೇ ಹೊಸದು ಮಾಡುವ ಪ್ರೋಗ್ರಾಂ) ಪ್ರಯೋಗ-ನವೀಕರಣ (ಡ್ರೈ ರನ್) ಓಡಿಸಿ ನೋಡಿ. ಸೋತರೆ ಮೊದಲ ಅನುಮಾನ 80ನೇ ಪೋರ್ಟನ್ನು ಯಾರೋ "ಸುರಕ್ಷತೆಗೆಂದು" ಮುಚ್ಚಿದ್ದಾರೆ ಎಂಬುದು. ಗೆದ್ದರೆ ಹೊಸ ಸರ್ಟಿಫಿಕೇಟ್ ಆಗಲೇ ಬಂದು ಕೂತಿದ್ದು, ಎಂಜಿನ್‌ಎಕ್ಸ್ ರೀಲೋಡ್ ಆಗದೆ ಹಳೆಯದನ್ನೇ ತೋರಿಸುತ್ತಿರಬಹುದು.

ಲಾಗ್ ಓದುವುದು

ಎಂಜಿನ್‌ಎಕ್ಸ್ ಎರಡು ಲಾಗ್ ಬರೆಯುತ್ತದೆ. ಬಂದವರ ಪಟ್ಟಿ ಆಕ್ಸೆಸ್ ಲಾಗಿನಲ್ಲಿ, ತಕರಾರು ಎರರ್ ಲಾಗಿನಲ್ಲಿ. ಒಂದು ಟರ್ಮಿನಲ್‌ನಲ್ಲಿ ಟೇಲ್ ಕಮಾಂಡಿಗೆ ಎಫ್ ಆಯ್ಕೆ ಕೊಟ್ಟು ಎರರ್ ಲಾಗ್ ತೆರೆದಿಟ್ಟುಕೊಂಡು, ಮೊಬೈಲಿನಲ್ಲಿ ಆ ಪುಟವನ್ನು ಮತ್ತೆ ಒತ್ತಿ.

ಆಕ್ಸೆಸ್ ಲಾಗಿನ ಸಾಲು ರಿಕ್ವೆಸ್ಟ್ ಮುಗಿದ ಮೇಲೆ ಮಾತ್ರ ಬೀಳುತ್ತದೆ, ಬಂದಾಗ ಅಲ್ಲ. 50 ಸೆಕೆಂಡಿನಿಂದ ತಿರುಗುತ್ತಿರುವ ಪುಟ ಲಾಗಿನಲ್ಲಿ ಇನ್ನೂ ಕಾಣಿಸದಿದ್ದರೆ ಅದು ಬಂದೇ ಇಲ್ಲ ಎಂದು ತೀರ್ಮಾನಿಸಬೇಡಿ. 499 ಎಂಬ ಸಂಖ್ಯೆ ಕಂಡರೆ ಕಾದು ಕಾದು ಬೇಸತ್ತವರು ಕಿಟಕಿ ಮುಚ್ಚಿದ್ದಾರೆ. ಇದು ಎಂಜಿನ್‌ಎಕ್ಸ್ ತಾನೇ ಇಟ್ಟುಕೊಂಡ ಸಂಖ್ಯೆ, ಬ್ರೌಸರಿನಲ್ಲಿ ಕಾಣುವುದಿಲ್ಲ.

ಎರರ್ ಲಾಗಿನ ಉದ್ದುದ್ದ ಸಾಲಿನಲ್ಲಿ ಆವರಣದೊಳಗೆ ಒಂದು ಸಂಖ್ಯೆ ಇರುತ್ತದೆ. ಅದು ಲಿನಕ್ಸ್ ಕೊಡುವ ಕಾರಣ. ಉಳಿದ ಇಂಗ್ಲಿಷ್ ಅರ್ಥವಾಗದಿದ್ದರೂ ಇದೊಂದನ್ನು ನೋಡಿ ಅರ್ಧ ಕೆಲಸ ಮುಗಿಸಬಹುದು:

2 – ಆ ಹೆಸರಿನ ಕಡತ ಅಥವಾ ಸಾಕೆಟ್ (ಎಂಜಿನ್‌ಎಕ್ಸ್ ಪಿಎಚ್‌ಪಿಯನ್ನು ಕರೆಯುವ ಕೊಂಡಿ) ಅಲ್ಲಿಲ್ಲ.
11 – ಪಿಎಚ್‌ಪಿಯ ಸರತಿ ತುಂಬಿದೆ, ಹೊಸಬರಿಗೆ ಜಾಗವಿಲ್ಲ.
13 – ಇದೆ, ಆದರೆ ಮುಟ್ಟಲು ಅನುಮತಿ ಇಲ್ಲ.
24 – ತೆರೆದ ಕಡತಗಳ ಮಿತಿ ಮುಗಿದಿದೆ.
28 – ಡಿಸ್ಕಿನಲ್ಲಿ ಜಾಗವಿಲ್ಲ.
30 – ಡಿಸ್ಕ್ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗಿದೆ.
104 – ಮಾತಿನ ನಡುವೆ ಪಿಎಚ್‌ಪಿ ಪ್ರಕ್ರಿಯೆ ಸತ್ತಿದೆ.
110 – ಪಿಎಚ್‌ಪಿ ಸಮಯಕ್ಕೆ ಉತ್ತರಿಸಲಿಲ್ಲ.
111 – ಪಿಎಚ್‌ಪಿ ಓಡುತ್ತಲೇ ಇಲ್ಲ.

ಪುಟದಲ್ಲಿ 403 (ಪ್ರವೇಶವಿಲ್ಲ), ಲಾಗಿನಲ್ಲಿ 13 ಬಂದರೆ ಅನುಮತಿ ನೋಡಬೇಕು. ಡೈರೆಕ್ಟರಿಗಳಿಗೆ 755, ಕಡತಗಳಿಗೆ 644 ಸಾಕು, ಅಂದರೆ ಒಡೆಯ ತಿದ್ದಬಹುದು, ಉಳಿದವರು ಓದಬಹುದು. ಅಷ್ಟಿದ್ದೂ ಬಾರದಿದ್ದರೆ ಮೇಲಿನ ಯಾವುದೋ ಡೈರೆಕ್ಟರಿ ಮುಚ್ಚಿದೆ. ಉಬುಂಟು 21.04ರಿಂದ ಮುಂದೆ ಹೊಸ ಹೋಮ್ ಡೈರೆಕ್ಟರಿಗಳು 750 ಆಗಿಯೇ ಹುಟ್ಟುತ್ತವೆ, ಹಾಗಾಗಿ ಹೋಮಿನೊಳಗೆ ಇಟ್ಟ ಸೈಟ್ ವೆಬ್ ಸರ್ವರಿಗೆ ಕಾಣುವುದಿಲ್ಲ. ನೇಮ್-ಐ ಕಮಾಂಡಿಗೆ ಎಲ್ ಆಯ್ಕೆ ಕೊಟ್ಟರೆ ಬೇರಿನಿಂದ ಕಡತದವರೆಗೆ ಒಂದೊಂದು ಮೆಟ್ಟಿಲಿನ ಅನುಮತಿಯನ್ನೂ ಸಾಲಾಗಿ ತೋರಿಸುತ್ತದೆ. 777 ಕೊಟ್ಟು "ಸರಿಯಾಯಿತು" ಎನ್ನುವುದು ಬೇಡ ಮಾರಾಯ್ರೆ. ಆ ಯಂತ್ರದಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮ ಕಡತ ತಿದ್ದಬಹುದು ಎಂದಂತೆ ಅದು.

502, 504 ಮತ್ತು ರ‍್ಯಾಮಿನ ಲೆಕ್ಕ

502 ಎಂದರೆ ಎಂಜಿನ್‌ಎಕ್ಸ್ ಚೆನ್ನಾಗಿದೆ, ಅದರ ಹಿಂದೆ ನಿಂತಿರುವ ಪಿಎಚ್‌ಪಿ ಕೈಗೆ ಸಿಕ್ಕಿಲ್ಲ. ಉಬುಂಟು 22.04ನ್ನು 24.04ಕ್ಕೆ ಏರಿಸಿದ ಮರುದಿನ 502 ಬಂದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಪಿಎಚ್‌ಪಿ 8.1 ಇದ್ದದ್ದು 8.3 ಆಗಿದೆ, ಸಾಕೆಟ್ ಕಡತದ ಹೆಸರಿನಲ್ಲೂ ಆ ಸಂಖ್ಯೆ ಬದಲಾಗಿದೆ, ಎಂಜಿನ್‌ಎಕ್ಸ್ ಕಾನ್ಫಿಗ್ ಮಾತ್ರ ಹಳೆಯ ಹೆಸರನ್ನೇ ಕೇಳುತ್ತಿದೆ. ಲಾಗಿನಲ್ಲಿ 2 ಎಂದಿರುತ್ತದೆ. ಹೆಸರು ತಿದ್ದಿ, ಎಂಜಿನ್‌ಎಕ್ಸ್ ಕಮಾಂಡಿಗೆ ಟಿ ಆಯ್ಕೆ ಕೊಟ್ಟು ಕಾನ್ಫಿಗ್ ಪರೀಕ್ಷಿಸಿ, ಆಮೇಲೆ ರೀಲೋಡ್ ಮಾಡಿ.

ಪರೀಕ್ಷಾ ಫಲಿತಾಂಶದಂಥ ದಿನ, ಎಲ್ಲರೂ ಒಮ್ಮೆಗೇ ನುಗ್ಗಿದಾಗ ಬರುವ 502 ಬೇರೆ ಜಾತಿಯದು. ಡೆಬಿಯನ್, ಉಬುಂಟುಗಳಲ್ಲಿ ಪಿಎಚ್‌ಪಿ-ಎಫ್‌ಪಿಎಂ ಡೀಫಾಲ್ಟಾಗಿ ಹೆಚ್ಚೆಂದರೆ 5 ಪ್ರಕ್ರಿಯೆಗಳನ್ನು ಇಟ್ಟುಕೊಳ್ಳುತ್ತದೆ. ಅದರ ಲಾಗಿನಲ್ಲಿ "ಮ್ಯಾಕ್ಸ್ ಚಿಲ್ಡ್ರನ್" ಮಿತಿ ಮುಟ್ಟಿತು ಎಂಬ ಸಾಲು ಇದ್ದರೆ ಮಿತಿ ಏರಿಸಬೇಕು. ಆದರೆ 50 ಎಂದು ಹಾಕಿ ಕೈತೊಳೆದುಕೊಂಡರೆ ಇನ್ನೊಂದು ಆಪತ್ತು. 1 ಜಿಬಿಯಲ್ಲಿ ಸಿಸ್ಟಮ್ಮಿಗೆ ಸುಮಾರು 200 ಎಂಬಿ, ಮಾರಿಯಾಡಿಬಿಗೆ 250ರಿಂದ 300 ಎಂಬಿ ಬಿಡಿ. ಸ್ವಲ್ಪ ಉಸಿರಾಡಲು ಜಾಗ ಬಿಟ್ಟರೆ ಉಳಿಯುವುದು 400 ಎಂಬಿ. ಒಂದು ಪಿಎಚ್‌ಪಿ ಪ್ರಕ್ರಿಯೆ 50 ಎಂಬಿ ತಿನ್ನುವುದಾದರೆ 8ಕ್ಕಿಂತ ಮೇಲೆ ಹೋಗಬಾರದು. ಹೋದರೆ ಲಿನಕ್ಸ್ ತಾನೇ ಯಾರನ್ನಾದರೂ ಕೊಲ್ಲುತ್ತದೆ, ಹೆಚ್ಚಾಗಿ ದಪ್ಪಗಿರುವ ಮಾರಿಯಾಡಿಬಿಯನ್ನೇ. "ಡೇಟಾಬೇಸ್ ತಾನಾಗಿಯೇ ನಿಂತುಹೋಗುತ್ತದೆ" ಎಂಬ ದೂರಿನ ಹಿಂದೆ ಇದೇ ಇರುವುದು ಸಾಮಾನ್ಯ. ಜರ್ನಲ್‌ಸಿಟಿಎಲ್ ಕಮಾಂಡಿಗೆ ಕೆ ಆಯ್ಕೆ ಕೊಟ್ಟು "ಔಟ್ ಆಫ್ ಮೆಮೊರಿ" ಎಂದು ಹುಡುಕಿ. 1 ಜಿಬಿ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಸೇರಿಸುವುದು ಒಳ್ಳೆಯದೇ, ಆದರೆ ಅದು ಆಪತ್ತಿಗೆ ಮಾತ್ರ.

504ಕ್ಕೆ ಕಾರಣ ಕಾಯುವಿಕೆ. ಎಂಜಿನ್‌ಎಕ್ಸ್ ಡೀಫಾಲ್ಟಾಗಿ 60 ಸೆಕೆಂಡ್ ಕಾಯುತ್ತದೆ. ಪಿಎಚ್‌ಪಿಗೆ 30 ಸೆಕೆಂಡಿನ ಮಿತಿ ಇದೆಯಲ್ಲ, ಅಷ್ಟರಲ್ಲಿ ನಿಲ್ಲಬೇಕಿತ್ತಲ್ಲ ಎಂದು ಕೇಳಬಹುದು. ಲಿನಕ್ಸಿನಲ್ಲಿ ಆ 30 ಸೆಕೆಂಡಿಗೆ ಡೇಟಾಬೇಸಿಗಾಗಿಯೋ ಹೊರಗಿನ ಎಸ್ಎಂಎಸ್ ಗೇಟ್‌ವೇಗಾಗಿಯೋ ಕಾದ ಸಮಯ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲಿ ಕಾಯುತ್ತಿದೆ ಎಂದು ತಿಳಿಯಲು ಪಿಎಚ್‌ಪಿ-ಎಫ್‌ಪಿಎಂನಲ್ಲಿ ಸ್ಲೋ ಲಾಗ್ ಆನ್ ಮಾಡಿ ಮಿತಿಯನ್ನು 5 ಸೆಕೆಂಡ್ ಇಡಿ. ಯಾವ ಕಡತದ ಎಷ್ಟನೇ ಸಾಲಿನಲ್ಲಿ ನಿಂತಿದೆ ಎಂದು ಬರೆದುಕೊಡುತ್ತದೆ. ಹೊರಗಿನ ಸೇವೆಯನ್ನು ಕರೆಯುವಲ್ಲೆಲ್ಲ ಸಂಪರ್ಕಕ್ಕೆ 5, ಒಟ್ಟಿಗೆ 10 ಸೆಕೆಂಡಿನ ಮಿತಿ ಹಾಕಿಡಿ. ಮಾರಿಯಾಡಿಬಿಯ ಸ್ಲೋ ಕ್ವೆರಿ ಲಾಗಿನ ಡೀಫಾಲ್ಟ್ ಮಿತಿ 10 ಸೆಕೆಂಡ್, ಸಣ್ಣ ಸೈಟಿಗೆ ಅದನ್ನು 1ಕ್ಕೆ ಇಳಿಸಿ.

ಮಳೆಗಾಲದಲ್ಲಿ ಗುಡ್ಡದ ಬದಿಯವರಿಂದ "ಭಾರಿ ನಿಧಾನ" ಎಂಬ ದೂರು ಬರುತ್ತದೆ. ಅದು ನೆಟ್‌ವರ್ಕಿನದ್ದೋ ನಿಮ್ಮದ್ದೋ ಎಂದು ಬೇರ್ಪಡಿಸಲು ಎಂಜಿನ್‌ಎಕ್ಸ್ ಲಾಗಿನ ಮಾದರಿಗೆ ಎರಡು ಅಂಕಿ ಸೇರಿಸಿ: ರಿಕ್ವೆಸ್ಟಿನ ಒಟ್ಟು ಸಮಯ, ಪಿಎಚ್‌ಪಿ ಉತ್ತರಕ್ಕೆ ಹಿಡಿದ ಸಮಯ. ಎರಡೂ ದೊಡ್ಡದಾದರೆ ಸ್ಕ್ರಿಪ್ಟನ್ನು ನೋಡಿ. ಒಟ್ಟು 18 ಸೆಕೆಂಡ್, ಪಿಎಚ್‌ಪಿಯದ್ದು 0.2 ಎಂದಿದ್ದರೆ ಸಿಗ್ನಲ್ಲಿನ ಸಮಸ್ಯೆ; ನೀವು ಮಾಡಬಹುದಾದದ್ದು ಪುಟದ ಚಿತ್ರಗಳನ್ನು ಹಗುರ ಮಾಡುವುದು.

ಫಾರ್ಮ್ ಕಳಿಸಿದರೆ "ಹೆಸರು ಹಾಕಿ" ಎನ್ನುತ್ತದೆ

ಹೆಸರು, ವಿಳಾಸ ಎಲ್ಲ ತುಂಬಿ, ಪಹಣಿಯದ್ದೋ ಆಧಾರ್‌ನದ್ದೋ ಫೋಟೋ ಸೇರಿಸಿ ಕಳಿಸಿದರೆ ಸ್ಕ್ರಿಪ್ಟ್ "ಹೆಸರು ಖಾಲಿ ಇದೆ" ಎಂದು ಹಿಂದಕ್ಕೆ ಅಟ್ಟುತ್ತದೆ. ಫಾರ್ಮ್ ಕೋಡನ್ನು ಎಷ್ಟು ಓದಿದರೂ ತಪ್ಪು ಸಿಗದು, ಯಾಕೆಂದರೆ ತಪ್ಪಿರುವುದು ಗಾತ್ರದ ಮಿತಿಯಲ್ಲಿ. ಇಲ್ಲಿ ಮೂರು ಗೇಟುಗಳಿವೆ. ಎಂಜಿನ್‌ಎಕ್ಸ್‌ನ ಬಾಡಿ ಸೈಜ್ ಮಿತಿ 1 ಎಂಬಿ, ದಾಟಿದರೆ 413. ಪಿಎಚ್‌ಪಿಯಲ್ಲಿ ಒಂದು ಕಡತಕ್ಕೆ 2 ಎಂಬಿ. ದಾಟಿದರೆ ಆ ಕಡತ ಮಾತ್ರ ಬರುವುದಿಲ್ಲ. ಇಡೀ ಫಾರ್ಮಿಗೆ 8 ಎಂಬಿ. ಇದನ್ನು ದಾಟಿದರೆ ಪಿಎಚ್‌ಪಿ ಕಡತವನ್ನಷ್ಟೇ ಅಲ್ಲ, ಫಾರ್ಮಿನ ಎಲ್ಲ ಮಾಹಿತಿಯನ್ನೂ ಖಾಲಿ ಮಾಡಿ ಸ್ಕ್ರಿಪ್ಟಿಗೆ ಕೊಡುತ್ತದೆ. ಹಾಗಾಗಿ ಸ್ಕ್ರಿಪ್ಟಿಗೆ ಹೆಸರೇ ಕಾಣದು.

413 ಕಂಡು ಎಂಜಿನ್‌ಎಕ್ಸ್‌ನದ್ದನ್ನು ಮಾತ್ರ 20 ಎಂಬಿಗೆ ಏರಿಸಿದವರಿಗೇ ಈ ಖಾಲಿ ಫಾರ್ಮಿನ ಕಾಟ ಹತ್ತಿಕೊಳ್ಳುವುದು. ಒಂದು ಕಡತಕ್ಕೆ 10, ಫಾರ್ಮಿಗೆ 12, ಎಂಜಿನ್‌ಎಕ್ಸಿಗೆ 12 ಹೀಗೆ ಒಟ್ಟಿಗೆ ಹೊಂದಿಸಿ, ಪಿಎಚ್‌ಪಿ-ಎಫ್‌ಪಿಎಂ ಮತ್ತು ಎಂಜಿನ್‌ಎಕ್ಸ್ ಎರಡನ್ನೂ ರೀಲೋಡ್ ಮಾಡಿ. ಕಮಾಂಡ್ ಲೈನಿನ ಪಿಎಚ್‌ಪಿಗೆ ಬೇರೆಯೇ ಐಎನ್ಐ ಕಡತ ಇರುತ್ತದೆ. ಅದನ್ನು ತಿದ್ದಿ ವೆಬ್ಬಿನಲ್ಲಿ ಬದಲಾವಣೆ ಕಾಯುತ್ತ ಕೂರಬೇಡಿ.

ಕನ್ನಡ, ಮಲಯಾಳಂ ಹೆಸರಿನ ಕಡತಗಳು

ಎರಡು ಲಿಪಿಯ ಊರಿನಲ್ಲಿ ಈ ಭಾಗವನ್ನು ಹಾರಿಸುವಂತಿಲ್ಲ. ಆಕ್ಸೆಸ್ ಲಾಗಿನಲ್ಲಿ ಕನ್ನಡ ವಿಳಾಸಗಳು ಶೇಕಡಾ ಚಿಹ್ನೆಗಳ ಸಾಲಾಗಿ ಬೀಳುತ್ತವೆ. ಪ್ರತಿ ಅಕ್ಷರಭಾಗಕ್ಕೆ ಮೂರು ಬೈಟ್. ಇ0 ಬಿ2 ಅಥವಾ ಇ0 ಬಿ3 ಎಂದು ಶುರುವಾದರೆ ಕನ್ನಡ, ಇ0 ಬಿ4 ಅಥವಾ ಇ0 ಬಿ5 ಎಂದಾದರೆ ಮಲಯಾಳಂ. ಬಿಡಿಸಿ ಓದದೆಯೇ ಯಾವ ಭಾಷೆಯ ಪುಟ ಕೆಟ್ಟಿದೆ ಎಂದು ಇಷ್ಟರಿಂದಲೇ ಹೇಳಬಹುದು.

"ಕಾಸರಗೋಡು" ಎಂಬ ಪದವನ್ನೇ ತೆಗೆದುಕೊಳ್ಳಿ. ಕ, ದೀರ್ಘ, ಸ, ರ, ಗ, ಓಕಾರ, ಡ, ಉಕಾರ ಎಂದು 8 ಕೋಡ್ ಪಾಯಿಂಟ್ (ಯೂನಿಕೋಡ್ ಸಂಖ್ಯೆ ಪಡೆದ ಅಕ್ಷರಭಾಗ), 24 ಬೈಟ್, ವಿಳಾಸದಲ್ಲಿ 72 ಚಿಹ್ನೆ. ಆದರೆ ಓಕಾರವನ್ನು ಒಂದೇ ಕೋಡ್ ಪಾಯಿಂಟಾಗಿ ಅಲ್ಲದೆ ಎತ್ವ, ಊಕಾರ, ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಇಡಬಹುದು. ಆಗ ಅದೇ ಪದ 30 ಬೈಟ್. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ; ಲಿನಕ್ಸಿಗೆ ಮಾತ್ರ ಅವು ಎರಡು ಬೇರೆ ಹೆಸರು. ಕಡತ ಕಣ್ಣೆದುರೇ ಇದ್ದೂ 404 ಬಂದರೆ, ಎಲ್-ಎಸ್ ಕಮಾಂಡಿನ ಫಲಿತಾಂಶವನ್ನು ಎಕ್ಸ್-ಎಕ್ಸ್-ಡಿ ಕಮಾಂಡಿಗೆ ಹಾಯಿಸಿ ಬೈಟುಗಳನ್ನು ಲಾಗಿನೊಂದಿಗೆ ಹೋಲಿಸಿ. ಅಪ್‌ಲೋಡ್ ಆಗುವಾಗಲೇ ಹೆಸರನ್ನು ಎನ್ಎಫ್‌ಸಿ ರೂಪಕ್ಕೆ (ಬಿಡಿಸಿದ ಭಾಗಗಳನ್ನು ಒಂದಾಗಿಸುವ ಯೂನಿಕೋಡ್ ಕ್ರಮ) ತರುವುದು ಪರಿಹಾರ. ಮಲಯಾಳಂನ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನದ ವಿಶೇಷ ಅಕ್ಷರ) ಇದು ಸಾಲದು. 2008ರ ಯೂನಿಕೋಡ್ 5.1ರಲ್ಲಿ ಅವಕ್ಕೆ ಸ್ವತಂತ್ರ ಸ್ಥಾನ ಬಂತು. ಅದಕ್ಕೂ ಹಿಂದಿನ ರೀತಿಯಲ್ಲಿ ಕೊನೆಗೆ ಕಾಣದ ಜೋಡಕ ಇರುತ್ತದೆ, ಎನ್ಎಫ್‌ಸಿ ಇವೆರಡನ್ನು ಒಂದು ಮಾಡುವುದಿಲ್ಲ. ಸ್ಕ್ರಿಪ್ಟಿನಲ್ಲಿ ನೀವೇ ಬದಲಿಸಬೇಕು. ನನ್ನನ್ನು ಕೇಳಿದರೆ ಡಿಸ್ಕಿನಲ್ಲಿ ಕಡತಕ್ಕೆ ಸಂಖ್ಯೆಯ ಹೆಸರು ಕೊಟ್ಟು, ಕನ್ನಡ ಹೆಸರನ್ನು ಡೇಟಾಬೇಸಿನಲ್ಲಿ ಇಡುವುದೇ ನೆಮ್ಮದಿ. ಕಡತದ ಹೆಸರಿಗೆ 255 ಬೈಟ್ ಮಿತಿ, ಅಂದರೆ ಕನ್ನಡದಲ್ಲಿ 85 ಕೋಡ್ ಪಾಯಿಂಟ್. ಆಮಂತ್ರಣ ಪತ್ರಿಕೆಯ ಪೂರ್ತಿ ಶೀರ್ಷಿಕೆಯನ್ನೇ ಹೆಸರಾಗಿಟ್ಟರೆ ಅದು ಸುಲಭವಾಗಿ ದಾಟುತ್ತದೆ.

ಡೇಟಾಬೇಸಿನಿಂದ ಬಂದ ಕನ್ನಡ ಬರೇ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ಬರೆಯುವಾಗಲೇ ಅಕ್ಷರ ನಷ್ಟವಾಗಿದೆ, ಬ್ಯಾಕಪ್ ಒಂದೇ ಗತಿ. ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಬೈಟುಗಳು ಹೆಚ್ಚಾಗಿ ಹಾಗೇ ಇವೆ, ಓದುವ ಸಂಪರ್ಕದ ಕ್ಯಾರೆಕ್ಟರ್ ಸೆಟ್ ತಪ್ಪಿದೆ, ಉಳಿಸಬಹುದು. ಕನ್ನಡ ಸರಿಯಿದ್ದು ಇಮೋಜಿ ಹಾಕಿದ ಕೂಡಲೇ 1366 ಎರರ್ ಬಂದರೆ ಕೋಷ್ಟಕ ಹಳೆಯ ಮೂರು ಬೈಟಿನ ಯುಟಿಎಫ್8ನಲ್ಲಿದೆ, ನಾಲ್ಕು ಬೈಟಿನ ಯುಟಿಎಫ್8ಎಂಬಿ4ಕ್ಕೆ ಬದಲಾಯಿಸಿ. ನುಡಿ ತಂತ್ರಾಂಶದ ಹಳೆಯ ಕಡತದಿಂದ ಅಂಟಿಸಿದ್ದು ವಿಚಿತ್ರವಾಗಿ ಕಾಣುವುದಕ್ಕೆ ಸರ್ವರ್ ಹೊಣೆಯಲ್ಲ, ಅದು ಯೂನಿಕೋಡೇ ಅಲ್ಲ.

ಕ್ರಾನ್ ಸ್ಕ್ರಿಪ್ಟುಗಳು

ನಿಗದಿತ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವುದು ಕ್ರಾನ್. ಕೈಯಲ್ಲಿ ಓಡಿಸಿದರೆ ಓಡುತ್ತದೆ, ಕ್ರಾನಿನಲ್ಲಿ ಓಡುವುದಿಲ್ಲ. ಕ್ರಾನಿನ ಪಾತ್ (ಪ್ರೋಗ್ರಾಮುಗಳನ್ನು ಹುಡುಕುವ ಜಾಗಗಳ ಪಟ್ಟಿ) ತೀರಾ ಮೊಟಕು, ಆದ್ದರಿಂದ ಪ್ರೋಗ್ರಾಮುಗಳಿಗೂ ಕಡತಗಳಿಗೂ ಪೂರ್ಣ ದಾರಿ ಬರೆಯಿರಿ. ಕ್ರಾನ್ ಸಾಲಿನಲ್ಲಿ ಶೇಕಡಾ ಚಿಹ್ನೆ ಬಂದರೆ ಅದನ್ನು ಹೊಸ ಸಾಲು ಎಂದೇ ತಿಳಿಯುತ್ತದೆ. ದಿನಾಂಕದ ಹೆಸರಿನ ಬ್ಯಾಕಪ್ ಕಡತ ಹುಟ್ಟದಿರುವುದಕ್ಕೆ ಕಾರಣ ಇದು, ಆ ಚಿಹ್ನೆಗಿಂತ ಮೊದಲು ಹಿಂಬದಿ ಓರೆಗೆರೆ (\) ಹಾಕಬೇಕು. ಬೆಳಿಗ್ಗೆ 6ಕ್ಕೆ ಅಡಿಕೆ ಧಾರಣೆ ಪುಟ ಹೊಸತಾಗಲಿ ಎಂದು ಇಟ್ಟದ್ದು 11:30ಕ್ಕೆ ಆಗುತ್ತಿದ್ದರೆ ಮತ್ತೆ ಅದೇ ಯುಟಿಸಿ. ಸ್ಕ್ರಿಪ್ಟ್ ಬಿಟ್ಟುಹೋಗುವ ಸಂಖ್ಯೆಯನ್ನೂ ಲಾಗಿಗೆ ಬರೆಸಿಡಿ: 126 ಎಂದರೆ ಓಡಿಸುವ ಅನುಮತಿ ಇಲ್ಲ, 127 ಎಂದರೆ ಕಮಾಂಡ್ ಸಿಗಲಿಲ್ಲ, 137 ಎಂದರೆ ಬಲವಂತವಾಗಿ ಕೊಲ್ಲಲಾಗಿದೆ, ಹೆಚ್ಚಾಗಿ ರ‍್ಯಾಮ್ ಸಾಲದೆ.

ವಿಂಡೋಸಿನಲ್ಲಿ ತಿದ್ದಿದ ಸ್ಕ್ರಿಪ್ಟ್ "ಬ್ಯಾಡ್ ಇಂಟರ್ಪ್ರಿಟರ್" ಎಂದರೆ ಸಾಲಿನ ಕೊನೆಯ ಕಾಣದ ಚಿಹ್ನೆ ಕಾರಣ. ಡಾಸ್‌ಟುಯುನಿಕ್ಸ್ ಕಮಾಂಡ್ ಅದನ್ನು ತೆಗೆಯುತ್ತದೆ. ಹಳೆಯ ನೋಟ್‌ಪ್ಯಾಡಿನಲ್ಲಿ ಕನ್ನಡ ಸೇರಿಸಿ ಯುಟಿಎಫ್-8 ಎಂದು ಉಳಿಸಿದ ಪಿಎಚ್‌ಪಿ ಕಡತದ ಆರಂಭದಲ್ಲಿ ಮೂರು ಬೈಟಿನ ಗುರುತು ಸೇರಿಕೊಳ್ಳುತ್ತದೆ. ಲಾಗಿನ್ ಆದ ಮೇಲೆ "ಹೆಡರ್ಸ್ ಆಲ್ರೆಡಿ ಸೆಂಟ್", 1ನೇ ಸಾಲು ಎಂದು ತೋರಿಸಿದರೆ ಅದೇ.

ಕರೆಂಟು ಹೋಗಿ ಬಂದ ಮೇಲೆ

ಆಫೀಸಿನಲ್ಲೇ ಇರುವ ಯಂತ್ರ ಸಿಡಿಲಿಗೋ ಕರೆಂಟಿಗೋ ಸಿಕ್ಕಿ ಏಕಾಏಕಿ ನಿಂತಿದ್ದರೆ ಮೊದಲು ಡಿ-ಎಫ್ ಕಮಾಂಡಿನಲ್ಲಿ ಜಾಗ, ಅದಕ್ಕೇ ಐ ಆಯ್ಕೆ ಕೊಟ್ಟು ಐನೋಡ್ (ಇನ್ನೆಷ್ಟು ಕಡತಗಳಿಗೆ ಅವಕಾಶವಿದೆ ಎಂಬ ಲೆಕ್ಕ) ನೋಡಿ. ಜಾಗ ಇದ್ದೂ ಐನೋಡ್ ಮುಗಿದರೆ 28 ಎರರೇ ಬರುತ್ತದೆ. 30 ಎರರ್ ಬರುತ್ತಿದ್ದರೆ ಡಿಸ್ಕಿನ ದೋಷ ಕಂಡು ಲಿನಕ್ಸ್ ಬರವಣಿಗೆ ನಿಲ್ಲಿಸಿದೆ. ಆಗ ಬಲವಂತವಾಗಿ ಬರೆಯುವ ಸ್ಥಿತಿಗೆ ತರುವ ಮೊದಲು ಮುಖ್ಯ ಕಡತಗಳನ್ನು ಬೇರೆ ಡಿಸ್ಕಿಗೆ ಎತ್ತಿಕೊಂಡು, ಆಮೇಲೆ ಡಿಸ್ಕಿನ ದೋಷ ತಿದ್ದುವ ಎಫ್‌ಎಸ್‌ಸಿಕೆ ಓಡಿಸಿ. ರಾಸ್ಪ್‌ಬೆರಿ ಪೈ 4 ಅಥವಾ ಹಳೆಯದಾದರೆ ಅದಕ್ಕೆ ಸ್ವಂತ ಗಡಿಯಾರವಿಲ್ಲ, ಇಂಟರ್ನೆಟ್ ಸಿಗುವ ತನಕ ಹಳೆಯ ದಿನಾಂಕದಲ್ಲೇ ಇದ್ದು ಸರ್ಟಿಫಿಕೇಟುಗಳನ್ನೆಲ್ಲ ತಪ್ಪೆನ್ನುತ್ತದೆ.

ಮಾರಿಯಾಡಿಬಿ ಎದ್ದು ನಿಲ್ಲಲು ಕೆಲವು ನಿಮಿಷ ಕೊಡಿ, ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಅದು ತಾನೇ ಸರಿಮಾಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಪದೇ ಪದೇ ರೀಸ್ಟಾರ್ಟ್ ಬೇಡ. ಏಳಲೇ ಇಲ್ಲವೆಂದರೆ ಇನ್ನೋಡಿಬಿಯ (ಮಾರಿಯಾಡಿಬಿಯಲ್ಲಿ ಮಾಹಿತಿ ಸಂಗ್ರಹಿಸುವ ಭಾಗ) ಫೋರ್ಸ್ ರಿಕವರಿ ಎಂಬ ಸೆಟ್ಟಿಂಗ್ 1ರಿಂದ 6ರವರೆಗೆ ಇದೆ. ಮೊದಲು ಡೇಟಾ ಡೈರೆಕ್ಟರಿಯನ್ನು ಇಡಿಯಾಗಿ ನಕಲು ಮಾಡಿ, ನಂತರ 1ರಿಂದ ಒಂದೊಂದಾಗಿ ಏರಿಸಿ. ಎದ್ದ ತಕ್ಷಣ ಡಂಪ್ (ಮಾಹಿತಿಯ ಪ್ರತಿ) ತೆಗೆದು, ಹೊಸ ಡೇಟಾಬೇಸ್ ಕಟ್ಟಿ ಅದಕ್ಕೆ ತುಂಬಿಸಿ. 4 ಮತ್ತು ಮೇಲಿನವು ಇದ್ದ ಮಾಹಿತಿಯನ್ನೂ ಶಾಶ್ವತವಾಗಿ ಕೆಡಿಸಬಲ್ಲವು, ಆದ್ದರಿಂದ ಆ ನಕಲು ಕೈಯಲ್ಲಿಲ್ಲದೆ 3ನ್ನು ದಾಟಬೇಡಿ.